ಶಿವಡಿಯ ಕೆಸರೂ ನಮ್ಮ ಕ್ಯಾಮರಾವೂ
(ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ನಾವು ನಾಲ್ಕೈದು ಮಂದಿ ಹೆಗಲಿಗೆ ಕ್ಯಾಮರಾ ಚೀಲ ಹಾಕಿಕೊಂಡು ಭಾನುವಾರಗಳಲ್ಲಿ ಅಲೆಯುವುದನ್ನು ಕಂಡಿರುವ ಕಾರ್ಯದರ್ಶಿಗಳು, ‘ಅಲ್ಲಿ ಏನು ಮಾಡುತ್ತೀರೆಂಬುದನ್ನು ನಮಗೂ ಒಂದಿಷ್ಟು ತಿಳಿಸಿ’ ಎಂದು ಅಪ್ಪಣೆ ಮಾಡಿದ್ದಾರೆ. ನಾವು ಪಂಡಿತರಲ್ಲ. ಆರು ದಿನ ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದು, ಏಳನೆಯ ದಿನ ಹಕ್ಕಿಯ ಮುಂದೆ ಕೂರುವವರು. ಹವ್ಯಾಸಿಗಳೆಂದು ನಾಚಿಕೊಳ್ಳುವುದಕ್ಕೇನೂ ಇಲ್ಲ. ಕಪ್ಪು-ಬಿಳುಪಿನಲ್ಲಿ ವನ್ಯಜೀವಿಗಳನ್ನು ಅಷ್ಟು ಸೊಗಸಾಗಿ ಹಿಡಿದ ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಅರ್ಥಮಂತ್ರಿಯಾಗಿದ್ದವರು. ಮೂಡಿಗೆರೆಯ ಹಕ್ಕಿಗಳ ಹಿಂದೆ ಬಿದ್ದ ಪೂರ್ಣಚಂದ್ರ ತೇಜಸ್ವಿಯವರನ್ನು ನಾವೆಲ್ಲ ಓದಿರುವುದು ಸಾಹಿತಿಯೆಂದೇ ಅಲ್ಲವೇ?

ಮುಂಬಯಿಯಲ್ಲಿ ಇದಕ್ಕೆಲ್ಲಿ ಅವಕಾಶ, ಊರಿಗೆ ಹೋದಾಗ ನೋಡೋಣ ಎನ್ನುವವರು ನಮ್ಮಲ್ಲಿ ಬಹಳ. ಹಾರ್ಬರ್ ಲೈನಿನ ಗಾಡಿ ಹತ್ತಿ ಶಿವಡಿಯಲ್ಲಿ ಇಳಿದು ಧಕ್ಕೆಯ ಕಡೆಗೆ ನಡೆದರೆ ಸಾಕು. ನವೆಂಬರಿನಿಂದ ಮೇ ತಿಂಗಳವರೆಗೆ, ಠಾಣೆ ಖಾಡಿಯ ಈ ಕೆಸರುಬಯಲಿನಲ್ಲಿ ಸಾವಿರಾರು ರಾಜಹಂಸಗಳು ಮೇಯುತ್ತವೆ. ಮರಾಠಿ ಗೆಳೆಯರು ಅಗ್ನಿಪಂಖವೆಂದು ಕರೆಯುವುದು ಇವನ್ನೇ. ಕಪ್ಪಗಿರುವ ಕೆಂಪು ಕೊಕ್ಕಿನ ಗಿಡ್ಡ ಹಕ್ಕಿ ಕಿರಿಯ ಜಾತಿ. ಗುಲಾಬಿ ಕೊಕ್ಕಿನ ತುದಿ ಮಾತ್ರ ಕಪ್ಪಾಗಿರುವ ಎತ್ತರದ ಹಕ್ಕಿ ಹಿರಿಯ ಜಾತಿ. ನಡುವೆ ಬೂದುಬಣ್ಣದವು ಕಂಡರೆ ಅವು ಮರಿಗಳು. ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದಲ್ಲ, ತಿನ್ನುವ ಪಾಚಿ, ಸೀಗಡಿಯಂಥ ಸಣ್ಣ ಜೀವಿಗಳಿಂದ ಮೆಲ್ಲಮೆಲ್ಲನೆ ಏರುವಂಥದು.

ಇಲ್ಲಿ ಲೆನ್ಸಿಗಿಂತ ಪಂಚಾಂಗ ಮುಖ್ಯ. ಇದು ತಮಾಷೆಯ ಮಾತಲ್ಲ. ನೀರು ಪೂರ್ತಿ ಇಳಿದಾಗ ಹಕ್ಕಿಗಳು ನೀರಿನಂಚನ್ನು ಅನುಸರಿಸಿ ಬಹುದೂರ ಹೋಗಿಬಿಡುತ್ತವೆ. ಎಷ್ಟು ಬೆಲೆಬಾಳುವ ಲೆನ್ಸಾದರೂ ನಿಮಗೆ ದೊರೆಯುವುದು ಗುಲಾಬಿ ಚುಕ್ಕೆಗಳೇ. ಉಬ್ಬರ ಏರತೊಡಗಿದಾಗ ಹೆಜ್ಜೆಹೆಜ್ಜೆಯಾಗಿ ದಡದ ಕಡೆ ಬರುತ್ತವೆ. ಕೆಸರೆಲ್ಲ ಮುಳುಗಿತೆಂದರೆ ಎದ್ದು ಹೋಗುತ್ತವೆ. ಆದುದರಿಂದ ತುಂಬು ಉಬ್ಬರಕ್ಕೆ ಎರಡು-ಮೂರು ಗಂಟೆ ಮುಂಚೆಯೇ ಹೋಗಿ ಕುಳಿತಿರಬೇಕು. ಅಮಾವಾಸ್ಯೆ ಹುಣ್ಣಿಮೆಗಳಂದು ಮುಂಬಯಿಯಲ್ಲಿ ಹಗಲಿನ ತುಂಬು ಉಬ್ಬರ ಹೆಚ್ಚುಕಡಿಮೆ ಹನ್ನೆರಡು-ಒಂದು ಗಂಟೆಗೆ. ಅಲ್ಲಿಂದ ದಿನಕ್ಕೆ ಮುಕ್ಕಾಲು ಗಂಟೆಯಂತೆ ತಡವಾಗುತ್ತ ಹೋಗಿ, ಪಂಚಮಿಗೆ ನಾಲ್ಕರ ಸುಮಾರು, ಅಷ್ಟಮಿಯ ಹೊತ್ತಿಗೆ ಸಂಜೆ ಆರನ್ನು ಮುಟ್ಟುತ್ತದೆ. ಇದು ಅಂದಾಜು, ಹೊರಡುವ ಮುನ್ನ ಉಬ್ಬರದ ಪಟ್ಟಿಯನ್ನು ನೋಡಿಕೊಳ್ಳಿರಿ.

ಶಿವಡಿಯ ಧಕ್ಕೆಯಿಂದ ನಾವು ನೋಡುವುದು ಪೂರ್ವಕ್ಕೆ. ಬೆಳಿಗ್ಗೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ, ಹಕ್ಕಿಗಳು ಬರಿಯ ನೆರಳುಗಳು. ಮೂರು ಗಂಟೆಯ ಮೇಲೆ ಬೆಳಕು ನಮ್ಮ ಬೆನ್ನಿಗೆ ಬಂದು ಗರಿಗರಿಯೂ ಕಾಣುತ್ತದೆ. ಷಷ್ಠಿ-ಸಪ್ತಮಿಗಳು ಭಾನುವಾರ ಬಿದ್ದರೆ ಏರುನೀರು, ಬೆನ್ನಬೆಳಕು ಎರಡೂ ಕೂಡಿ ಬರುತ್ತವೆ. ಬೆಳಗಿನ ಜಾವವೇ ಬೇಕೆನ್ನುವವರು ಖಾಡಿಯ ಆಚೆ ದಡದ ಐರೋಳಿಗೆ ಹೋಗಲಿ. ಅಲ್ಲಿ ಮುಖ ಪಶ್ಚಿಮಕ್ಕೆ. ನಡುಹಗಲು ಮಾತ್ರ ಎಲ್ಲಿಯೂ ಬೇಡ. ಕಾದ ಕೆಸರಿನ ಮೇಲೆ ಗಾಳಿ ನಡುಗುತ್ತ ಚಿತ್ರವೆಲ್ಲ ಕದಡುತ್ತದೆ.

ಮಾಪನದ ವಿಷಯವಾಗಿ ಒಂದು ಮಾತು. ಕ್ಯಾಮರಾ ಬಡಪಾಯಿ, ಕಂಡದ್ದನ್ನೆಲ್ಲ ನಡುಬಣ್ಣದ ಬೂದಿಯೆಂದೇ ಎಣಿಸುತ್ತದೆ. ಕಪ್ಪು ಕೆಸರೇ ಚೌಕಟ್ಟಿನ ತುಂಬ ಇದ್ದರೆ ‘ಕತ್ತಲೆಯಾಯಿತು’ ಎಂದು ಬೆಳಕನ್ನು ಹೆಚ್ಚು ಬಿಟ್ಟು, ಹಕ್ಕಿಯ ಬಿಳಿಯನ್ನು ಸುಟ್ಟುಬಿಡುತ್ತದೆ. ಆಗ ಅರ್ಧ-ಮುಕ್ಕಾಲು ಸ್ಟಾಪು ಇಳಿಸಬೇಕು. ಬೆಳ್ಳನೆಯ ಆಕಾಶದೆದುರು ಹಾರುವ ಹಕ್ಕಿಗೆ ಇದಕ್ಕೆ ತಿರುಗುಮುರುಗು, ಏರಿಸಬೇಕು. ಹಾರುವಾಗ ಸೆಕೆಂಡಿನ ಸಾವಿರದಲ್ಲೊಂದು ಭಾಗವಾದರೂ ವೇಗವಿರಲಿ. ಹಿನ್ನೆಲೆಯಲ್ಲಿ ಚಿಮಣಿಯೋ ಹಡಗೋ ಬಂದಿತೆಂದು ಕೊರಗಬೇಡಿ. ೨೦೨೪ರ ಜನವರಿಯಲ್ಲಿ ತೆರೆದ ಅಟಲ್ ಸೇತು ಇದೇ ಶಿವಡಿಯಿಂದಲೇ ಹೊರಡುತ್ತದೆ. ಅದನ್ನು ಕತ್ತರಿಸಿ ತೆಗೆದ ಚಿತ್ರಕ್ಕಿಂತ, ಸೇತುವೆಯ ಕೆಳಗೆ ತಲೆಕೆಳಗಾಗಿ ಕೊಕ್ಕನ್ನು ಕೆಸರಿಗಿಟ್ಟು ಸೋಸುತ್ತಿರುವ ಹಕ್ಕಿಯ ಚಿತ್ರವೇ ನಮಗೆ ಹೆಚ್ಚು ನಿಜವೆನ್ನಿಸಿದೆ.

ಇನ್ನು ಇಂದು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತು. ಹಿಂಡು ಒಮ್ಮೆಗೇ ಎದ್ದಾಗ ರೆಕ್ಕೆಯೊಳಗಿನ ಕೆಂಪೂ ಕಪ್ಪೂ ತೆರೆದುಕೊಳ್ಳುತ್ತದೆ. ಎಲ್ಲರಿಗೂ ಬೇಕಾದ ಚಿತ್ರವದು. ಅದಕ್ಕಾಗಿ ಕಲ್ಲೆಸೆಯುವವರನ್ನೂ ಚಪ್ಪಾಳೆ ತಟ್ಟುವವರನ್ನೂ ನಾವು ಕಂಡಿದ್ದೇವೆ. ಈಚೆಗೆ ಡ್ರೋನನ್ನು ಹಾರಿಬಿಡುವವರೂ ಉಂಟು. ಕೇಳಿದರೆ, ‘ಹಾರುವುದು ಹಕ್ಕಿಯ ಧರ್ಮ, ಮತ್ತೆ ಬಂದು ಕೂರುತ್ತದೆ’ ಎನ್ನುತ್ತಾರೆ. ಕೂರುತ್ತದೆ, ನಿಜ. ಆದರೆ ಈ ಕೆಸರಿನಲ್ಲಿ ಅದಕ್ಕೆ ಊಟದ ವೇಳೆಯನ್ನು ಗೊತ್ತುಮಾಡುವುದು ಸಮುದ್ರ. ಒಂದು ಇಳಿತಕ್ಕೆ ಸಿಕ್ಕುವುದು ಕೆಲವೇ ಗಂಟೆ. ನಾಲ್ಕು ಸಲ ಎಬ್ಬಿಸಿದರೆ ಅದರಲ್ಲಿ ಎಷ್ಟು ಉಳಿಯಿತು? ಎಲೆಯ ಮುಂದೆ ಕುಳಿತವರನ್ನು ಎಬ್ಬಿಸಬಾರದೆಂಬುದು ನಮ್ಮ ಮನೆಗಳಲ್ಲಿ ಹೇಳಿಕೊಡಬೇಕಾದ ಮಾತಲ್ಲ.

೨೦೧೫ರಲ್ಲಿ ಖಾಡಿಯ ಒಂದು ಭಾಗ ರಾಜಹಂಸ ಅಭಯಾರಣ್ಯವಾಯಿತು, ೨೦೨೨ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಶಿವಡಿಯ ಕೆಸರು ಆ ಗೆರೆಯೊಳಗಿಲ್ಲ. ಇಲ್ಲಿ ಕಾವಲಿನವರನ್ನು ಕಾಯುತ್ತ ಕೂರುವಂತಿಲ್ಲವಾದ್ದರಿಂದ, ಕಲ್ಲೆತ್ತಿದ ಕೈಯನ್ನು ಮೊದಲು ಕಂಡವರೇ ‘ಬೇಡಪ್ಪಾ’ ಎನ್ನಬೇಕು. ಮರಾಠಿ, ಹಿಂದಿ ಯಾವುದಾದರೂ ಸರಿ. ಜಗಳವಾಡದೆ, ತಮ್ಮ ಕ್ಯಾಮರಾದಲ್ಲಿ ಹಿಡಿದ ಒಂದು ಮೇಯುವ ಹಕ್ಕಿಯನ್ನು ತೋರಿಸಿ ಮಾತು ತೆಗೆದರೆ ಹತ್ತರಲ್ಲಿ ಆರು ಮಂದಿ ಕೇಳುತ್ತಾರೆ. ಉಳಿದ ನಾಲ್ವರ ಬಗೆಗೆ ನಮಗೂ ಉಪಾಯ ತೋಚಿಲ್ಲ.

ಗೂಡಿನ ಚಿತ್ರಗಳ ವಿಷಯವೂ ಅಷ್ಟೇ. ಹಿಂದಿನ ತಲೆಮಾರಿನವರು ಗೂಡಿನೆದುರು ಮರೆ ಕಟ್ಟಿ ದಿನಗಟ್ಟಲೆ ಕುಳಿತು ತೆಗೆದದ್ದುಂಟು. ಅಂದು ನೂರು ಕೈಗೆ ಒಂದು ಕ್ಯಾಮರಾ ಇರಲಿಲ್ಲ. ಇಂದು ಪ್ರತಿ ಜೇಬಿನಲ್ಲೂ ಇದೆ. ಮೊಬೈಲಿನ ಚಿತ್ರ ತನ್ನೊಳಗೆ ಸ್ಥಳವನ್ನೂ ಬರೆದಿಟ್ಟುಕೊಳ್ಳುತ್ತದೆ. ಗೂಡಿನದನ್ನು ಒಬ್ಬರಿಗೆ ಕಳುಹಿಸಿದಿರೆಂದರೆ ಮರುದಿನ ಐವತ್ತು ಮಂದಿ ಅಲ್ಲಿರುತ್ತಾರೆ. ಆ ಗುರುತನ್ನು ಮೊದಲೇ ಆರಿಸಿಡಿ. ಈ ವರ್ಷ ವಾಚನಾಲಯದ ಗೋಡೆಗೆ ಹಾಕುವ ಚಿತ್ರಗಳಲ್ಲಿ ಗೂಡಿನದನ್ನೂ ಎಬ್ಬಿಸಿದ ಹಿಂಡನ್ನೂ ಸೇರಿಸಬಾರದೆಂದು ನಾವು ಸಮಿತಿಗೆ ಬಿನ್ನವಿಸಿದ್ದೇವೆ. ಸಮಿತಿಯಲ್ಲಿ ಭಿನ್ನಾಭಿಪ್ರಾಯವಿದೆ. ತಾನಾಗಿ ಹಾರಿದ್ದೋ ಹಾರಿಸಿದ್ದೋ ಚಿತ್ರ ನೋಡಿ ಹೇಳುವುದೆಂತು ಎಂಬ ಪ್ರಶ್ನೆ ನ್ಯಾಯವಾದದ್ದೇ. ತೆಗೆದವರನ್ನು ಕೇಳೋಣ, ಅವರ ಮಾತನ್ನು ನಂಬೋಣ ಎಂಬುದು ನಮ್ಮ ಸಲಹೆ. ಇದರ ಮೇಲೆ ತಮ್ಮ ಅಭಿಪ್ರಾಯವನ್ನು ಇಂದೇ ಹೇಳಿದರೆ ಉಪಕಾರ.

ಮುಂದಿನ ಸಪ್ತಮಿಯ ಭಾನುವಾರ ನಾವು ಶಿವಡಿಗೆ ಹೋಗುವವರಿದ್ದೇವೆ. ಮಕ್ಕಳನ್ನು ಕರೆತನ್ನಿ, ಕೆಂಪು, ಬಿಳಿ ಬಟ್ಟೆ ಬೇಡ, ನೀರಿನ ಬಾಟಲಿ ಇರಲಿ. ಕ್ಯಾಮರಾ ಇಲ್ಲದವರಿಗೆ ನಮ್ಮಲ್ಲಿ ಎರಡು ದುರ್ಬೀನುಗಳಿವೆ. ಎರಡೂವರೆಗೆ ನಿಲ್ದಾಣದ ಪೂರ್ವದ ಬಾಗಿಲಲ್ಲಿ ಕಾದಿರುತ್ತೇವೆ.