ಗಂಡಿಲಿ, ಹೆಣ್ಣಿಲಿ ಮತ್ತು ವೈರಸ್



1918ರ ಇನ್‌ಫ್ಲುಯೆಂಜಾ ಅಮೆರಿಕದಲ್ಲಿ ಗಂಡಸರನ್ನೇ ಹೆಚ್ಚಾಗಿ ಕೊಂದಿತು. ನಮ್ಮ ದೇಶದಲ್ಲಿ ಲೆಕ್ಕ ತಿರುವುಮುರುವು, ಹೆಂಗಸರೇ ಹೆಚ್ಚು ಸತ್ತರು. ಮನೆಮಂದಿಯ ಆರೈಕೆಯೆಲ್ಲ ಅವರ ಮೇಲೆ, ಉಂಡು ಮಿಕ್ಕಿದ್ದು ಅವರ ಪಾಲಿಗೆ. ಬಸುರಿಯರನ್ನಂತೂ ಆ ಜ್ವರ ಎಲ್ಲೆಡೆಯೂ ಕಾಡಿತು. ಇಂಥ ಸಾವಿನ ಪಟ್ಟಿಯಿಂದ ದೇಹದ ಗುಣ ಯಾವುದು, ಬದುಕಿನ ಪಾಡು ಯಾವುದು ಎಂದು ಬಿಡಿಸುವುದು ಹೇಗೆ?

ಇಲಿಗಳಿಗೆ ಅಡುಗೆಮನೆಯ ಚಾಕರಿಯಿಲ್ಲ, ಬೀಡಿಯ ಚಟವೂ ಇಲ್ಲ. 2017ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಪರ್ಲ್‌ಮನ್ ತಂಡ ಇಲಿಗಳಿಗೆ ಕೋವಿಡ್ ವೈರಸ್ಸಿನ ಹತ್ತಿರದ ಬಂಧುವಾದ ಸಾರ್ಸ್ ವೈರಸ್ ತಗುಲಿಸಿ ನಡೆಸಿದ ಪ್ರಯೋಗ ಪ್ರಕಟವಾಯಿತು. ಪ್ರಬಂಧದ ಮೊದಲ ಲೇಖಕರು ರುದ್ರಗೌಡ ಚನ್ನಪ್ಪನವರ. ಗಂಡಿಲಿಗಳು ಹೆಚ್ಚು ಸತ್ತವು. ಅವುಗಳ ಶ್ವಾಸಕೋಶದಲ್ಲಿ ಉರಿಯೂತ ಎಬ್ಬಿಸುವ ಬಿಳಿ ರಕ್ತಕಣಗಳು ಕಿಕ್ಕಿರಿದಿದ್ದವು. ಹೆಣ್ಣಿಲಿಗಳ ಅಂಡಾಶಯ ತೆಗೆದಾಗ, ಇಲ್ಲವೇ ಈಸ್ಟ್ರೋಜೆನ್ ಕೆಲಸ ಮಾಡದಂತೆ ಔಷಧಿ ಕೊಟ್ಟಾಗ, ಅವೂ ಹೆಚ್ಚಾಗಿ ಸಾಯತೊಡಗಿದವು. ಗಂಡಿಲಿಗಳ ವೃಷಣ ತೆಗೆದಾಗ? ಏನೂ ಬದಲಾಗಲಿಲ್ಲ. ಅಂದರೆ ಕಾಯುತ್ತಿದ್ದುದು ಹೆಣ್ಣಿನ ಹಾರ್ಮೋನು. ಗಂಡಿನದರ ಮೇಲೆ ತಪ್ಪು ಹೊರಿಸಲು ಪುರಾವೆ ಇರಲಿಲ್ಲ.

ಆದರೂ 2020ರಲ್ಲಿ ಕೋವಿಡ್ ಬಂದಾಗ ಹಲವರು ಬೆನ್ನು ಹತ್ತಿದ್ದು ಗಂಡಿನ ಹಾರ್ಮೋನಾದ ಟೆಸ್ಟೋಸ್ಟೆರಾನನ್ನೇ. ಚೀನಾದ ಆರಂಭದ ವರದಿಯೊಂದರಲ್ಲಿ ಕೋವಿಡ್ ತಗುಲಿದ ಗಂಡಸರಲ್ಲಿ ಶೇಕಡಾ 2.8, ಹೆಂಗಸರಲ್ಲಿ ಶೇಕಡಾ 1.7 ಮಂದಿ ಸತ್ತಿದ್ದರು. ವೈರಸ್ ಜೀವಕೋಶದೊಳಕ್ಕೆ ನುಗ್ಗಲು ಬಳಸುವ ಒಂದು ಕಿಣ್ವವನ್ನು ಪ್ರಾಸ್ಟೇಟ್ ಗ್ರಂಥಿಯಲ್ಲಿ ಹೆಚ್ಚಿಸುವುದು ಈ ಹಾರ್ಮೋನೇ ಎಂಬುದು ಮೊದಲೇ ಗೊತ್ತಿತ್ತು. ಇಟಲಿಯ ವೆನೆಟೊ ಪ್ರಾಂತದಲ್ಲಿ ಟೆಸ್ಟೋಸ್ಟೆರಾನ್ ತಗ್ಗಿಸುವ ಚಿಕಿತ್ಸೆಯಲ್ಲಿದ್ದ 5,273 ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಲ್ಲಿ ಸೋಂಕು ಕಂಡದ್ದು ನಾಲ್ವರಿಗೆ. ಆ ಚಿಕಿತ್ಸೆ ಇಲ್ಲದ 37,161 ಮಂದಿಯಲ್ಲಿ 114 ಜನಕ್ಕೆ. ಆಸೆ ಹುಟ್ಟಿಸುವ ಲೆಕ್ಕವೇ. ಆದರೆ ಚಿಕಿತ್ಸೆಯಲ್ಲಿರುವ ಕ್ಯಾನ್ಸರ್ ರೋಗಿ ಆ ದಿನಗಳಲ್ಲಿ ಎಷ್ಟು ಸಲ ಮನೆಯ ಹೊಸಿಲು ದಾಟಿರಬಹುದು?

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 96 ಕೋವಿಡ್ ರೋಗಿಗಳ ಮೇಲೆ ಟೆಸ್ಟೋಸ್ಟೆರಾನಿನ ಈ ಊಹೆಯನ್ನು ಪರೀಕ್ಷಿಸಿದರು. ಕೆಲವರಿಗೆ ಟೆಸ್ಟೋಸ್ಟೆರಾನ್ ಇಳಿಸುವ ಚುಚ್ಚುಮದ್ದು, ಉಳಿದವರಿಗೆ ಹುಸಿಮದ್ದು. ಪ್ರಯೋಜನ ಕಾಣದೆ ನಡುವೆಯೇ ನಿಲ್ಲಿಸಿಬಿಟ್ಟರು.

ಇನ್ನೊಂದು ತೊಡಕೂ ಇದೆ. ಮುಟ್ಟು ನಿಂತು ಈಸ್ಟ್ರೋಜೆನ್ ಇಳಿದ ವಯಸ್ಸಿನಲ್ಲೂ ಹೆಂಗಸರು ಗಂಡಸರಿಗಿಂತ ಕಡಿಮೆಯೇ ಸತ್ತರು. ಹಾಗಾಗಿ ಕೆಲವರ ಕಣ್ಣು ಹಾರ್ಮೋನಿನಿಂದ ಎಕ್ಸ್ ವರ್ಣತಂತುವಿನ ಕಡೆ ತಿರುಗಿತು. ನೆದರ್‌ಲೆಂಡ್ಸ್‌ನಲ್ಲಿ ಎರಡು ಕುಟುಂಬಗಳ ನಾಲ್ವರು ಯುವಕರು, ಎರಡು ಜೋಡಿ ಅಣ್ಣತಮ್ಮಂದಿರು, ಕೋವಿಡ್‌ನಿಂದ ವೆಂಟಿಲೇಟರ್ ಸೇರಿದರು, ಒಬ್ಬ ಉಳಿಯಲಿಲ್ಲ. ನಾಲ್ವರಲ್ಲೂ ವೈರಸ್ಸಿನ ಸುಳಿವು ಹಿಡಿಯುವ ಟಿಎಲ್‌ಆರ್-7 ಎಂಬ ಜೀನ್ ಕೆಟ್ಟಿತ್ತು. ಆ ಜೀನ್ ಇರುವುದು ಎಕ್ಸ್‌ನಲ್ಲಿ. ಹೆಂಗಸರಿಗೆ ಎಕ್ಸ್ ಎರಡು, ಗಂಡಸರಿಗೆ ಒಂದೇ.