ಕಟಕಟೆಯ ಪಕ್ಕದಿಂದ ಶಾಸನಸಭೆಗೆ

(ವಿದ್ಯಾರ್ಥಿನಿಲಯದ ಗೆಳೆಯರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಕೇರಿಯ ಹುಡುಗನೊಬ್ಬನನ್ನು ಪೊಲೀಸರು ಹಿಡಿದುಕೊಂಡು ಹೋದರೆ ನಾವು ಮೊದಲು ಯಾರನ್ನು ಹುಡುಕ್ತೀವಿ? ವಕೀಲರನ್ನಲ್ಲ, ಪಹಣಿ ಇರೋನನ್ನ. ಜಾಮೀನಿಗೆ ಜಮೀನಿರಬೇಕು. ಆ ಜಮೀನಿರೋದು ಬಹಳ ಸಲ ಹುಡುಗನ ಮೇಲೆ ಕಂಪ್ಲೇಂಟು ಕೊಟ್ಟವರ ಹತ್ತಿರವೇ. ಹೀಗಾಗಿ ಹುಡುಗ ಒಳಗೇ ಕೊಳೀತಾನೆ. 2022ರ ಕೊನೆಗೆ ಈ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತೇ ಆಗಿರಲಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಅಮೆರಿಕದ ಒಂದು ವಿಷಯ ಹೇಳ್ತೀವಿ. 'ಅಮೆರಿಕದ್ದು ನಮಗ್ಯಾಕೆ?' ಅಂತ ನೀವು ಕೇಳಬಹುದು. ಕೊನೇ ತನಕ ಕೇಳಿ, ಆಮೇಲೆ ಬೈಯಿರಿ.

ಅಲ್ಲಿ ಪಬ್ಲಿಕ್ ಡಿಫೆಂಡರ್ ಅನ್ನೋ ಹುದ್ದೆ ಇದೆ. ಸಂಬಳ ಕೊಡೋದು ಸರ್ಕಾರ. ಆದರೆ ಆ ವಕೀಲ ನಿಲ್ಲೋದು ಬಡ ಆರೋಪಿಯ ಪರ, ಸರ್ಕಾರದ ವಿರುದ್ಧ. ಈ ಹಕ್ಕು ಸುಮ್ಮನೆ ಬರಲಿಲ್ಲ. 1961ರಲ್ಲಿ ಫ್ಲೋರಿಡಾದಲ್ಲಿ ಕ್ಲಾರೆನ್ಸ್ ಗಿಡಿಯನ್ ಎಂಬ ಬಡವನ ಮೇಲೆ ಕಳ್ಳತನದ ಕೇಸಾಯಿತು. ವಕೀಲನನ್ನು ಕೊಡಿ ಅಂದ. ಕೋರ್ಟು ಕೊಡಲಿಲ್ಲ, ಐದು ವರ್ಷ ಶಿಕ್ಷೆ ಹಾಕಿತು. ಆತ ಜೈಲಿನಿಂದಲೇ ಪೆನ್ಸಿಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. 1963ರ ಮಾರ್ಚ್ 18ರಂದು ಆ ಕೋರ್ಟಿನ ಎಲ್ಲ ನ್ಯಾಯಾಧೀಶರೂ ಒಮ್ಮತದಿಂದ ಹೇಳಿದರು: ಗಂಭೀರ ಅಪರಾಧದ ಕೇಸಿನಲ್ಲಿ ಬಡವನಿಗೆ ರಾಜ್ಯವೇ ವಕೀಲನನ್ನು ಕೊಡಬೇಕು. ಮರುವಿಚಾರಣೆಯಲ್ಲಿ ವಕೀಲ ಪಕ್ಕದಲ್ಲಿದ್ದ. ಗಿಡಿಯನ್ ನಿರ್ದೋಷಿ ಎಂದು ತೀರ್ಪಾಯಿತು. ಅದೇ ಮನುಷ್ಯ, ಅದೇ ಕೇಸು. ವ್ಯತ್ಯಾಸ ಒಬ್ಬ ವಕೀಲ.

ಇಂಥ ವಕೀಲರಲ್ಲಿ ಒಬ್ಬರು ಆಶ್ ಕಾಲ್ರಾ. ಭಾರತದಿಂದ ಹೋದ ಕುಟುಂಬದವರು. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ, ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಹನ್ನೊಂದು ವರ್ಷ ಪಬ್ಲಿಕ್ ಡಿಫೆಂಡರ್ ಆಗಿ ದುಡಿದರು. ಮಾದಕ ವಸ್ತುವಿನ ಚಟಕ್ಕೆ ಬಿದ್ದು ಕೇಸಿಗೆ ಸಿಕ್ಕವರ ಕೋರ್ಟಿನಲ್ಲೇ ಹೆಚ್ಚಿನ ಕೆಲಸ. 2008ರಲ್ಲಿ ಸ್ಯಾನ್ ಹೋಸೆ ನಗರಸಭೆಗೆ ಗೆದ್ದರು. 2016ರಲ್ಲಿ ಅದೇ ಊರಿನಿಂದ ರಾಜ್ಯದ ಶಾಸನಸಭೆಗೆ ನಿಂತರು. ಎದುರಾಳಿ ಅವರದೇ ಪಕ್ಷದ ಮ್ಯಾಡಿಸನ್ ನುಯೆನ್, ಹಿಂದಿನ ಉಪಮೇಯರ್. ಅಲ್ಲಿನ ಪದ್ಧತಿ ಹಾಗೆ: ಮೊದಲ ಸುತ್ತಿನಲ್ಲಿ ಹೆಚ್ಚು ಮತ ಪಡೆದ ಇಬ್ಬರು, ಒಂದೇ ಪಕ್ಷದವರಾದರೂ ಸರಿ, ಕೊನೆಯ ಸುತ್ತಿಗೆ ಹೋಗ್ತಾರೆ. ಜೂನ್‌ನಲ್ಲಿ ಕಾಲ್ರಾ ಎರಡನೆಯವರು. ಕಾರ್ಮಿಕ ಸಂಘಗಳು ಬೆನ್ನಿಗೆ ನಿಂತವು. ನವೆಂಬರ್‌ನಲ್ಲಿ ಗೆದ್ದರು. ಕ್ಯಾಲಿಫೋರ್ನಿಯಾದ ಆ ಸಭೆಗೆ ಗೆದ್ದ ಮೊದಲ ಭಾರತೀಯ ಮೂಲದವರು ಅವರೇ.

'ನಮ್ಮವರು ಗೆದ್ದರು' ಅಂತ ಪತ್ರಿಕೆಯವರು ಬರೆದರೆ ನಾವು ಚಪ್ಪಾಳೆ ಹೊಡೀಬೇಕಾಗಿಲ್ಲ. ಗೆದ್ದ ಮೇಲೆ ಏನು ಮಾಡಿದರು, ಅದನ್ನು ಕೇಳಬೇಕು.

ಊರಿನ ಕೆಲಸ ಮಾಡಿದರು. ಸ್ಯಾನ್ ಹೋಸೆಯ ಅಂಚಿನ ಕಯೋಟಿ ಕಣಿವೆಯ ಹೊಲ, ಬಯಲು ಕಟ್ಟಡಗಳ ಪಾಲಾಗದಂತೆ ಕಾಪಾಡೋ ಯೋಜನೆಗೆ 2019ರಲ್ಲಿ ಅವರ ಮಸೂದೆ ಕಾನೂನಾಯಿತು. ಆದರೆ ಕೋರ್ಟಿನಿಂದ ಸಭೆಗೆ ಅವರು ಹೊತ್ತುಕೊಂಡು ಹೋದ ವಿಷಯ ಬೇರೆ. ಅದನ್ನು ತಿಳಿಯೋಕೆ ಜಾರ್ಜಿಯಾ ರಾಜ್ಯದ ಒಂದು ಹಳೇ ಕೇಸು ಗೊತ್ತಿರಬೇಕು.

ಅಲ್ಲಿ ವಾರೆನ್ ಮೆಕ್‌ಕ್ಲೆಸ್ಕಿ ಎಂಬ ಕರಿಯನಿಗೆ, ಬಿಳಿಯ ಪೊಲೀಸನನ್ನು ಕೊಂದ ಆರೋಪದ ಮೇಲೆ ಮರಣದಂಡನೆಯಾಗಿತ್ತು. ಅವನ ವಕೀಲರು ಎರಡು ಸಾವಿರಕ್ಕೂ ಹೆಚ್ಚು ಕೊಲೆ ಕೇಸುಗಳ ಅಧ್ಯಯನ ತಂದಿಟ್ಟರು. ಸತ್ತವನು ಬಿಳಿಯನಾದರೆ ಮರಣದಂಡನೆ ಬೀಳೋ ಸಂಭವ 4.3 ಪಟ್ಟು ಹೆಚ್ಚು. 1987ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಹೇಳಿತು: ಲೆಕ್ಕ ಸರಿ ಇರಬಹುದು, ಆದರೆ ನಿನ್ನ ಕೇಸಿನಲ್ಲೇ ಬೇಕೆಂದೇ ಭೇದ ಮಾಡಿದರು ಅಂತ ಸಾಬೀತು ಮಾಡು. ಇಂಥ ವಾದವನ್ನು ಶಾಸನಸಭೆಯ ಮುಂದೆ ಇಡೋದು ಸರಿ ಅಂತಲೂ ಹೇಳಿತು. 1991ರಲ್ಲಿ ಮೆಕ್‌ಕ್ಲೆಸ್ಕಿಯನ್ನು ಕೊಂದರು. ಆ ತೀರ್ಪು ಬರೆದ ನ್ಯಾಯಮೂರ್ತಿ ಪವೆಲ್, ನಿವೃತ್ತರಾದ ಮೇಲೆ, ಈಗಾದರೆ ನನ್ನ ಮತ ಬದಲಿಸ್ತಿದ್ದೆ ಅಂತ ಒಪ್ಪಿಕೊಂಡರು. ಏನು ಪ್ರಯೋಜನ?

ಯಾರ ಮನಸ್ಸಿನೊಳಗೆ ಏನಿತ್ತು ಅಂತ ಸಾಬೀತು ಮಾಡೋದು ಹೇಗೆ ಗೆಳೆಯರೆ? ಕಾಲ್ರಾ 2020ರಲ್ಲಿ ತಂದ ಜನಾಂಗೀಯ ನ್ಯಾಯ ಕಾಯಿದೆ ಕೈ ಹಾಕಿದ್ದು ಇಲ್ಲಿಗೇ. ಕ್ಯಾಲಿಫೋರ್ನಿಯಾದಲ್ಲಿ ಈಗ ಉದ್ದೇಶ ಸಾಬೀತು ಮಾಡಬೇಕಾಗಿಲ್ಲ. ಕೇಸಿನಲ್ಲಿ ಜಡ್ಜು, ವಕೀಲ, ಪೊಲೀಸ್, ಜ್ಯೂರಿ ಯಾರೇ ಆಗಲಿ ಆರೋಪಿಯ ಜನಾಂಗದ ಬಗ್ಗೆ ಪಕ್ಷಪಾತ ತೋರಿದ್ದರೆ ಅದನ್ನು ಪ್ರಶ್ನಿಸಬಹುದು. ಒಂದು ಜನಾಂಗಕ್ಕೇ ಹೆಚ್ಚು ಶಿಕ್ಷೆ ಬೀಳ್ತಿದೆ ಅಂತ ಅಂಕಿಅಂಶ ಇಟ್ಟೂ ವಾದಿಸಬಹುದು. 2022ರಲ್ಲಿ ಇನ್ನೊಂದು ಕಾನೂನು ತಂದು, ಹಳೇ ಕೇಸುಗಳಿಗೂ ಇದನ್ನು ಹಂತಹಂತವಾಗಿ ವಿಸ್ತರಿಸಿದರು.

ಈ ಉದ್ದೇಶದ ಗೋಡೆ ನಮಗೆ ಹೊಸದೇನಲ್ಲ. 1989ರ ದೌರ್ಜನ್ಯ ತಡೆ ಕಾಯಿದೆಯ 3(2)(5)ನೇ ಕಲಮು ನೋಡಿ. ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವನ್ನು, ಆ ವ್ಯಕ್ತಿ ದಲಿತ 'ಎಂಬ ಕಾರಣಕ್ಕೆ' ಮಾಡಿದ್ದು ಅಂತ ಸಾಬೀತಾಗಬೇಕಿತ್ತು. ಕೊಲೆ ಸಾಬೀತು, ಅತ್ಯಾಚಾರ ಸಾಬೀತು, ಕಾರಣ ಮಾತ್ರ ಸಾಬೀತಾಗಲಿಲ್ಲ ಅಂತ ಎಷ್ಟೋ ಕೇಸುಗಳಲ್ಲಿ ಈ ಕಲಮು ಬಿದ್ದುಹೋಯಿತು. ಸಂಸತ್ತು 2015ರಲ್ಲಿ ತಿದ್ದಿತು, 2016ರ ಜನವರಿ 26ರಿಂದ ಜಾರಿಗೆ ಬಂತು: ದಲಿತರೆಂದು 'ಗೊತ್ತಿದ್ದೂ' ಮಾಡಿದರೆ ಸಾಕು. ಎರಡೇ ಪದದ ಬದಲಾವಣೆ. ಆದರೆ ಅದನ್ನು ಬದಲಾಯಿಸೋಕೆ ಇಪ್ಪತ್ತೈದು ವರ್ಷದ ಮೇಲಾಯಿತು.

ನಾವು ಹೇಳಬೇಕಾದ್ದು ಇಷ್ಟೆ. ಒಬ್ಬೊಬ್ಬನ ಪಕ್ಕ ನಿಂತು ಕೇಸು ನಡೆಸೋದು ದೊಡ್ಡ ಕೆಲಸ. ಆದರೆ ಕಲಮೇ ವಕ್ರವಾಗಿದ್ದರೆ ಎಷ್ಟು ಕೇಸು ನಡೆಸಿದರೂ ಸೋಲೇ. ಕಲಮು ತಿದ್ದೋ ಜಾಗಕ್ಕೆ, ಆ ಸೋಲನ್ನು ಕಣ್ಣಾರೆ ಕಂಡವರು ಹೋಗಬೇಕು. ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಓಟು ಕೇಳೋಕೆ ಬಂದವರನ್ನು ನಾವು ಸಮುದಾಯ ಭವನ, ಬೋರ್‌ವೆಲ್ಲು ಕೇಳ್ತೀವಿ. ಕೇಳಲೇಬೇಕು. ಜೊತೆಗೆ ಇದನ್ನೂ ಕೇಳೋಣ: ಪಹಣಿ ಇಲ್ಲದವನಿಗೆ ಜಾಮೀನು ಹೇಗೆ? ಸಭೆಯಲ್ಲಿ ನೀವು ಈ ಮಾತು ಎತ್ತಿದ್ದೀರಾ?

ಅಲ್ಲಿವರೆಗೆ ಕೈಕಟ್ಟಿ ಕೂರೋದು ಬೇಡ. 1987ರ ಕಾನೂನು ಸೇವೆಗಳ ಕಾಯಿದೆಯ 12ನೇ ಕಲಮಿನ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು. ಹೆಂಗಸರಿಗೂ, ಬಂಧನದಲ್ಲಿರೋರಿಗೂ ಸಿಗಬೇಕು. ಕೇಳಬೇಕಾದ್ದು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು, ಅದು ಕೋರ್ಟಿನ ಆವರಣದಲ್ಲೇ ಇರ್ತದೆ. ಈ ರಜೆಯಲ್ಲಿ ಊರಿಗೆ ಹೋದಾಗ ಒಂದು ನೋಟ್‌ಬುಕ್ಕು ಹಿಡೀರಿ. ನಮ್ಮ ಕೇರಿಯಿಂದ ಯಾರು ಒಳಗಿದ್ದಾರೆ, ಎಷ್ಟು ದಿನದಿಂದ, ಯಾವ ಕಲಮು, ವಕೀಲರು ಇದ್ದಾರೋ ಇಲ್ಲವೋ, ಬರಕೊಂಡು ಬನ್ನಿ. ಮೆಕ್‌ಕ್ಲೆಸ್ಕಿಯ ವಕೀಲರು ಲೆಕ್ಕ ಹಾಕದೇ ಹೋಗಿದ್ದರೆ 2020ರ ಕಾಯಿದೆಗೆ ಬುನಾದಿಯೇ ಇರ್ತಿರಲಿಲ್ಲ.

ನಮ್ಮ ಲೆಕ್ಕ ನಾವೇ ಬರೆಯಬೇಕು. ಜೈ ಭೀಮ್.