ಏಕಾಂತ ಸೆರೆ: ತೀರ್ಪಿಲ್ಲದ ಶಿಕ್ಷೆ



ಕೈದಿಗಳ ಹಕ್ಕುಗಳ ಇತಿಹಾಸದಲ್ಲಿ ಮೈಲಿಗಲ್ಲಾದ ಮೊಕದ್ದಮೆಯೊಂದು ನಮ್ಮ ಈ ನಗರದ ತಿಹಾರ್ ಕಾರಾಗೃಹದಲ್ಲಿಯೇ ಹುಟ್ಟಿತು. ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ, ಶಿಕ್ಷೆ ಅಂತಿಮಗೊಳ್ಳುವ ಮುನ್ನವೇ ತನ್ನನ್ನು ಒಂಟಿ ಕೋಣೆಯಲ್ಲಿಟ್ಟದ್ದನ್ನು ಪ್ರಶ್ನಿಸಿದ. ಅಧಿಕಾರಿಗಳು 1894ರ ಕಾರಾಗೃಹ ಕಾಯಿದೆಯ 30ನೆಯ ಕಲಮನ್ನು ಮುಂದಿಟ್ಟರು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಸ್ಪಷ್ಟವಾಗಿ ಹೇಳಿತು: ಏಕಾಂತ ಸೆರೆಯೆಂಬುದೇ ಒಂದು ಪ್ರತ್ಯೇಕ ಶಿಕ್ಷೆ, ಅದನ್ನು ವಿಧಿಸುವ ಅಧಿಕಾರ ನ್ಯಾಯಾಲಯಕ್ಕುಂಟು, ಜೈಲಧಿಕಾರಿಗಿಲ್ಲ. ಮೇಲ್ಮನವಿ, ಕ್ಷಮಾದಾನದ ಅರ್ಜಿಗಳೆಲ್ಲ ಮುಗಿಯುವವರೆಗೆ ಕೈದಿಯನ್ನು ಆ ಕಲಮಿನಡಿ ಬೇರ್ಪಡಿಸುವಂತಿಲ್ಲ.

ಆದರೆ ತೀರ್ಪು ಸೆರೆಮನೆಯ ಗೋಡೆಯನ್ನು ದಾಟಿತೆ? ನಮ್ಮ ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ ಮರಣದಂಡನೆಯ ಕೈದಿಯೊಬ್ಬನನ್ನು 2006ರಿಂದ ಸುಮಾರು ಹತ್ತು ವರ್ಷ ಒಂಟಿಯಾಗಿ ಇಡಲಾಗಿತ್ತು. ಅವನ ಕ್ಷಮಾದಾನದ ಅರ್ಜಿ ತಿರಸ್ಕೃತವಾದದ್ದು 2013ರಲ್ಲಿ. ಅಂದರೆ ಅದಕ್ಕೆ ಮುಂಚಿನ ವರ್ಷಗಳ ಬೇರ್ಪಡಿಕೆಗೆ ಕಾನೂನಿನ ಆಧಾರವೇ ಇರಲಿಲ್ಲ. 2022ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಾರಣಕ್ಕಾಗಿಯೇ ಅವನ ಗಲ್ಲುಶಿಕ್ಷೆಯನ್ನು ಜೀವಾವಧಿಗೆ ಇಳಿಸಿ, ಕನಿಷ್ಠ 30 ವರ್ಷ ಸೆರೆಯಲ್ಲಿರಬೇಕೆಂದು ಆದೇಶಿಸಿತು.

ಅವನ ಅಪರಾಧ ಅತ್ಯಂತ ಘೋರವಾದುದು. ಅಂಥವನಿಗೆ ಕರುಣೆ ಏಕೆ ಎಂದು ನೀವು ಕೇಳಬಹುದು. ನಾನು ಕರುಣೆಯ ಮಾತನ್ನಾಡುತ್ತಿಲ್ಲ, ಕಾನೂನಿನ ಮಾತನ್ನಾಡುತ್ತಿದ್ದೇನೆ. ಸೆರೆಶಿಕ್ಷೆ ಕಸಿದುಕೊಳ್ಳುವುದು ಓಡಾಟದ ಸ್ವಾತಂತ್ರ್ಯವನ್ನು, ಮನುಷ್ಯನ ಸಂಗವನ್ನಲ್ಲ. ನಮ್ಮ ನುಡಿಯಾಡುವ ನಾಲ್ವರಿಗಾಗಿ ಹಂಬಲಿಸಿ ಪರಊರಿನಲ್ಲಿ ಸಂಘ ಕಟ್ಟಿಕೊಂಡ ನಮಗೆ, ಮಾತಿಗೆ ಮಾತು ಸಿಗದ ಬದುಕು ಎಂಥದೆಂದು ವಿವರಿಸಬೇಕಿಲ್ಲ. ಸಂವಿಧಾನದ 21ನೆಯ ವಿಧಿ ಕಾಪಾಡುವ ಜೀವವೆಂದರೆ ಬರಿಯ ಉಸಿರಾಟವಲ್ಲ.

ಏಕಾಂತ ಸೆರೆಯನ್ನು ದಂಡಸಂಹಿತೆಯಿಂದ ತೆಗೆದುಹಾಕಬೇಕೆಂದು ಕಾನೂನು ಆಯೋಗ 1971ರಲ್ಲಿಯೇ ಶಿಫಾರಸು ಮಾಡಿತ್ತು. ಸತತ 15 ದಿನಗಳನ್ನು ಮೀರಿದ ಏಕಾಂತ ಕೂಡದೆಂದು 2015ರಲ್ಲಿ ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳು ಸಾರಿದವು. ಆದರೂ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ವಸಾಹತು ಕಾಲದ ಆ ಶಿಕ್ಷೆಯನ್ನು ಹಾಗೆಯೇ ಉಳಿಸಿಕೊಂಡಿದೆ: ಒಮ್ಮೆಗೆ 14 ದಿನ, ಒಟ್ಟು ಮೂರು ತಿಂಗಳವರೆಗೆ.

ಈ ಮಿತಿಗಳು ನ್ಯಾಯಾಲಯ ವಿಧಿಸುವ ಶಿಕ್ಷೆಗೆ ಅನ್ವಯಿಸುತ್ತವೆ. ಭದ್ರತೆಯ ಹೆಸರಿನಲ್ಲಿ, ತೀರ್ಪೇ ಇಲ್ಲದೆ ನಡೆಯುವ ಏಕಾಂತಕ್ಕೆ ದಿನದ ಲೆಕ್ಕ ಇಡುವವರಾರು? ಕಾರಾಗೃಹಗಳು ರಾಜ್ಯಗಳ ಅಧೀನದಲ್ಲಿವೆ. ನಾವು ಯಾವ ರಾಜ್ಯದಲ್ಲಿ ಮತ ಹಾಕುತ್ತೇವೆಯೋ ಆ ರಾಜ್ಯದ ಸರ್ಕಾರವನ್ನು ಈ ಪ್ರಶ್ನೆ ಕೇಳುವುದು ನಮ್ಮ ಹೊಣೆ.